‘ಲೂಸರ್, ಬೇಬಿ’ ಹಾಡನ್ನು ಅತ್ತಿಗೆ–ಮೈದುನ ಸೇರಿ ವೇದಿಕೆಯಲ್ಲಿ ಹಾಡಬೇಕು, ದಾರಿ ಹೇಳಿ

ಗಿರಿಕಂಠ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತೇನೆ. ರಜಾ ದಿನಗಳಲ್ಲಿ ಒಂದು ಸಣ್ಣ ಆರ್ಕೆಸ್ಟ್ರಾದಲ್ಲಿ ಹಾಡುತ್ತೇನೆ. ಗಣಪತಿ ಪೆಂಡಾಲು, ರಾಜ್ಯೋತ್ಸವ, ಮದುವೆ ಆರತಕ್ಷತೆ ಅಂತ ಕರೆದಲ್ಲಿಗೆ ಹೋಗುತ್ತೇವೆ. ನನ್ನದು ದಪ್ಪ ದನಿ. ಹಾಗಾಗಿ ತಂಡದಲ್ಲಿ ಎಲ್.ಆರ್. ಈಶ್ವರಿ ಅವರ ಹಾಡುಗಳೆಲ್ಲ ನನ್ನ ಪಾಲಿಗೇ ಬರುತ್ತವೆ.

ಈ ಸಲ ನಮ್ಮ ತಂಡದ ವಾರ್ಷಿಕ ಕಾರ್ಯಕ್ರಮ ಕುವೆಂಪು ಕಲಾಮಂದಿರದಲ್ಲಿ. ಅದರಲ್ಲಿ ನಾನೂ ನನ್ನ ಮೈದುನನೂ ‘ಹ್ಯಾಜ್ಬಿನ್ ಹೋಟೆಲ್’ ಸರಣಿಯ ‘ಲೂಸರ್, ಬೇಬಿ’ ಹಾಡಬೇಕು ಅಂದುಕೊಂಡಿದ್ದೇವೆ. ತಂಡದ ಹಿರಿಯರು ‘ಇಂಗ್ಲಿಷ್ ಹಾಡು, ಅದೂ ಕಾರ್ಟೂನಿಂದು, ಯಾಕಮ್ಮ?’ ಅಂದರು. ಕೇಳಿದ್ದು ತಪ್ಪಲ್ಲ. ಅವರಿಗೆ ಏನು ಹೇಳಿದೆನೋ ಅದನ್ನೇ ಇಲ್ಲೂ ಬರೆಯುತ್ತೇನೆ.

ನೋಡದವರಿಗೆ ಕಥೆ ಇಷ್ಟು. ನಡೆಯುವುದೆಲ್ಲ ನರಕದಲ್ಲಿ. ಅಲ್ಲಿನ ರಾಜಕುಮಾರಿ ಚಾರ್ಲಿ ಒಂದು ಹೋಟೆಲ್ ತೆರೆದಿದ್ದಾಳೆ. ಪಾಪಿಗಳನ್ನು ತಿದ್ದಿ ಸ್ವರ್ಗಕ್ಕೆ ಕಳಿಸಬಹುದು ಅನ್ನುವುದು ಅವಳ ನಂಬಿಕೆ. ವಿವಿಯನ್ ಮೆಡ್ರಾನೋ ಅನ್ನುವವರು ಸೃಷ್ಟಿಸಿದ್ದು. 2019ರಲ್ಲಿ ಯೂಟ್ಯೂಬ್‌ನಲ್ಲಿ ಒಂದು ಪೈಲಟ್, ಅಂದರೆ ಮಾದರಿ ಕಂತು, ಬಂತು. ಆಮೇಲೆ 2024ರ ಜನವರಿಯಲ್ಲಿ ಪ್ರೈಮ್ ವಿಡಿಯೋದಲ್ಲಿ ಪೂರ್ತಿ ಸರಣಿ ಶುರುವಾಯಿತು. ಮೊದಲ ಸೀಸನ್‌ನಲ್ಲಿ ಎಂಟು ಕಂತು, ಕಂತಿಗೆ ಎರಡರಂತೆ ಹಾಡು. ಹಾಡು ಮಾಡಿದವರು ಸ್ಯಾಮ್ ಹಾಫ್ಟ್ ಮತ್ತು ಆಂಡ್ರ್ಯೂ ಅಂಡರ್‌ಬರ್ಗ್. ಇದು ದೊಡ್ಡವರ ಸರಣಿ, ಮಕ್ಕಳಿಗಲ್ಲ.

ನಮ್ಮ ಹಾಡು ನಾಲ್ಕನೇ ಕಂತಿನದು. ಏಂಜಲ್ ಡಸ್ಟ್ ಅನ್ನುವವನು ವ್ಯಾಲೆಂಟಿನೋ ಎಂಬ ದುಷ್ಟನಿಗೆ ತನ್ನ ಆತ್ಮವನ್ನೇ ಬರೆದುಕೊಟ್ಟಿದ್ದಾನೆ. ಅವನು ಹೇಳಿದಂಥ ಚಿತ್ರಗಳಲ್ಲಿ ನಟಿಸಲೇಬೇಕು. ಹೊಡೆತ, ಬೈಗುಳ ಎಲ್ಲವನ್ನೂ ಸಹಿಸಬೇಕು. ಹೊರಗೆ ಮಾತ್ರ ನಗುತ್ತಾ ಚೇಷ್ಟೆ ಮಾಡುತ್ತಾ ಇರುತ್ತಾನೆ. ಹಸ್ಕ್ ಆ ಹೋಟೆಲಿನ ಬಾರಿನಲ್ಲಿ ಗ್ಲಾಸು ತುಂಬಿಸುವವನು, ರೆಕ್ಕೆ ಇರುವ ಬೆಕ್ಕು. ಒಂದು ರಾತ್ರಿ ಏಂಜಲ್ ಕುಡಿಯಲು ಹೋದ ಕಡೆ ಯಾರೋ ಅವನ ಗ್ಲಾಸಿಗೆ ಏನೋ ಬೆರೆಸುತ್ತಾರೆ. ಹಸ್ಕ್ ತಡೆಯುತ್ತಾನೆ. ಏಂಜಲ್‌ಗೆ ಸಿಟ್ಟು ಬರುತ್ತದೆ. ತಾನು ಪೂರ್ತಿ ಹಾಳಾಗಿ ಹೋದರೆ ವ್ಯಾಲೆಂಟಿನೋಗೆ ತನ್ನ ಮೇಲಿನ ಆಸೆ ಹೋಗಿ ಬಿಟ್ಟುಬಿಡಬಹುದು ಅಂದುಕೊಂಡಿದ್ದೆ ಅನ್ನುತ್ತಾನೆ. ಆ ಮಾತು ಕೇಳಿದಾಗ ನನಗೆ ಎದೆ ಹಿಂಡಿದ ಹಾಗಾಯಿತು. ಅದಾದ ಮೇಲೆ ಹಸ್ಕ್ ತನ್ನ ಕಥೆ ಹೇಳುತ್ತಾನೆ. ‘ನೀನೊಬ್ಬ ಸೋತವನು, ನನ್ನ ಹಾಗೇ’ ಅನ್ನುವ ಈ ಹಾಡು ಬರುವುದು ಆಗ.

ನನ್ನ ಮೈದುನ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಹೋದ ವರ್ಷ ಸಬ್ಜೆಕ್ಟ್ ಉಳಿದು ಇಯರ್ ಬ್ಯಾಕ್ ಆಯಿತು. ಮನೆಗೆ ಬಂದವನು ರೂಮು ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅತ್ತೆ ‘ಬಿಡು ಮಗಾ, ಮುಂದಿನ ಸಲ ಆಗುತ್ತೆ’ ಅನ್ನುವರು. ಮಾವ ‘ತೋಟ ಇದೆಯಲ್ಲ, ಯಾಕೆ ಯೋಚನೆ’ ಅನ್ನುವರು. ನಮ್ಮ ಯಜಮಾನರು ಪಾಸಾದವರ ಕಥೆ ಹೇಳುವರು. ಎಲ್ಲರಿಗೂ ಅವನ ಮೇಲೆ ಪ್ರೀತಿಯೇ. ಆದರೂ ಒಂದೊಂದು ಮಾತಿಗೂ ಅವನ ಮುಖ ಇನ್ನಷ್ಟು ಸಣ್ಣದಾಗುತ್ತಿತ್ತು. ಆಮೇಲೊಂದು ರಾತ್ರಿ ‘ಅತ್ತಿಗೆ, ಇದನ್ನೊಂದು ಕೇಳಿ’ ಅಂತ ಇಯರ್‌ಫೋನಿನ ಒಂದು ತುದಿ ನನ್ನ ಕೈಗೆ ಕೊಟ್ಟ. ಕೇಳಿಸಿದ್ದು ಈ ಹಾಡು. ಮುಗಿದ ಮೇಲೆ ‘ಇವನೊಬ್ಬನೇ ಸುಳ್ಳು ಹೇಳುತ್ತಿಲ್ಲ ಅಲ್ವಾ?’ ಅಂದ. ಅವನು ಮನಸ್ಸು ಬಿಚ್ಚಿ ಮಾತಾಡಿದ್ದು ಅವತ್ತಿನಿಂದ. ಇದನ್ನೆಲ್ಲ ಇಲ್ಲಿ ಬರೆಯಲು ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಹಾಗಾಗಿ ಹಸ್ಕ್ ಭಾಗ ನನಗೆ, ಏಂಜಲ್ ಭಾಗ ಅವನಿಗೆ. ತೊಂದರೆ ಏನೆಂದರೆ, ನಮ್ಮ ತಂಡ ನುಡಿಸಿದರೆ ಹಾಡು ಮಕ್ಕಳ ಕವಾಯತಿನ ಹಾಗೆ ಕೇಳಿಸುತ್ತಿದೆ. ಸ್ವರ ಸರಿ ಇದೆ, ತೂಗಾಟವೇ ಇಲ್ಲ. ಇನ್ನೊಂದು, ಸರಣಿ ನೋಡದವರಿಗೆ ಇದು ಸುಮ್ನೆ ಒಬ್ಬರನ್ನೊಬ್ಬರು ಹಂಗಿಸುವ ಹಾಡಾಗಿ ಕಂಡರೆ ಏನು ಮಾಡುವುದು? ಇದಕ್ಕೂ ಮುಂಚೆ, ಅದೇ ಕಂತಿನಲ್ಲಿ ‘ಪಾಯ್ಸನ್’ ಅಂತ ಏಂಜಲ್ ಒಬ್ಬನೇ ಹಾಡುವ ಹಾಡಿದೆ. ಅದಿಲ್ಲದೆ ಇದು ನಿಲ್ಲುತ್ತದಾ? ಇಬ್ಬರೂ ಗಂಡಸರು ಹಾಡಿದ್ದನ್ನು ನಾವು ಯಾವ ಶ್ರುತಿಯಲ್ಲಿ ಹಿಡಿಯುವುದು? ಅನುಭವ ಇದ್ದವರು ದಯವಿಟ್ಟು ಹೇಳಿ.


ಪ್ಯಾಡ್‌ಪ್ಲೇಯರ್, ಹಾಸನ

ಮೇಡಂ, ನಾನು ಹಾಸನದಲ್ಲಿ ರಿದಂ ಪ್ಯಾಡ್ ನುಡಿಸುತ್ತೇನೆ. ಮುಂಚೆ ತಬಲಾ, ಅದಕ್ಕೂ ಮುಂಚೆ ಸ್ವಲ್ಪ ಮೃದಂಗ. ನಿಮ್ಮ ತಂಡದ ತೊಂದರೆ ಎಲ್ಲಿದೆ ಅಂತ ಓದುತ್ತಿದ್ದ ಹಾಗೇ ಗೊತ್ತಾಯಿತು. ನಿಮ್ಮ ಹುಡುಗರು ‘ತಕ ತಕ’ ಅಂತ ಸಮವಾಗಿ ಹೊಡೆಯುತ್ತಿದ್ದಾರೆ. ಈ ಹಾಡು ಸ್ವಿಂಗ್.

ಒಂದು ಏಟನ್ನು ಮೂರು ಪಾಲು ಮಾಡಿ ‘ತಕಿಟ’ ಅಂದುಕೊಳ್ಳಿ. ‘ತ’ ಹೇಳಿ, ‘ಕಿ’ ನುಂಗಿ, ‘ಟ’ ಹೇಳಿ. ತ… ಟ, ತ… ಟ, ತ… ಟ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ನಮ್ಮ ಲೆಕ್ಕದಲ್ಲಿ ಚತುರಶ್ರ (ನಾಲ್ಕರ ನಡೆ) ಬಿಟ್ಟು ತಿಶ್ರ (ಮೂರರ) ನಡೆಗೆ ಬಂದ ಹಾಗೆ. ಹಾಡುವವರೂ ಹೀಗೇ ಹಾಡಬೇಕು. ಪ್ಯಾಡ್ ತೂಗಿ, ದನಿ ನೆಟ್ಟಗೆ ನಡೆದರೆ ಇನ್ನೂ ಕೆಟ್ಟದಾಗಿ ಕೇಳುತ್ತದೆ. ಇಬ್ಬರೂ ಮಾತು ಬಿಟ್ಟು ಬರೀ ‘ತ–ಟ’ದಲ್ಲಿ ಇಡೀ ಹಾಡನ್ನು ಹೇಳಿ ನೋಡಿ. ಅದು ಕೂತ ಮೇಲೆ ಮಾತು ಸೇರಿಸಿ. ವೇಗ ಜಾಸ್ತಿ ಮಾಡಬೇಡಿ. ವೇಗ ಏರಿದಷ್ಟೂ ಉದ್ದ–ಗಿಡ್ಡದ ವ್ಯತ್ಯಾಸ ಕಡಿಮೆಯಾಗಿ ಎಲ್ಲ ಸಮವಾಗಿಬಿಡುತ್ತದೆ, ತೂಗು ಹೋಗುತ್ತದೆ.

ಪ್ಯಾಡ್‌ನವರಿಗೆ ಹೇಳಿ: ರೈಡ್ ಅನ್ನುವ ದೊಡ್ಡ ಸಿಂಬಲ್‌ನಲ್ಲಿ ‘ಟಿಂಗ್, ಟಿಂಗ್‌–ಟ, ಟಿಂಗ್, ಟಿಂಗ್‌–ಟ’. ಹೈಹ್ಯಾಟ್ (ಜೋಡಿ ಸಿಂಬಲ್ ಸದ್ದು) ಎರಡನೇ ಮತ್ತು ನಾಲ್ಕನೇ ಏಟಿಗೆ ಮಾತ್ರ. ಕಿಕ್, ಅಂದರೆ ಕಾಲಲ್ಲಿ ಹೊಡೆಯುವ ದಪ್ಪ ಡ್ರಮ್ಮಿನ ಏಟು, ಇದ್ದೂ ಇಲ್ಲದ ಹಾಗೆ ಇರಲಿ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಕಿಕ್ ಗುದ್ದಿದರೇ ಜೋರು ಅನ್ನುವ ಅಭ್ಯಾಸ ಇದೆ. ಇಲ್ಲಿ ಗುದ್ದಿದರೆ ಹಾಡು ಸತ್ತಿತು ಅಂತಲೇ ಲೆಕ್ಕ. ನೂಕಿಕೊಂಡು ಹೋಗುವ ಕೆಲಸ ಬೇಸ್‌ನದು. ಏಟಿಗೊಂದು ಸ್ವರ, ಮೇಲೆ ಕೆಳಗೆ ಹೆಜ್ಜೆ ಹಾಕಿಕೊಂಡು ಹೋಗುತ್ತಿರಬೇಕು, ಎಲ್ಲೂ ನಿಲ್ಲಬಾರದು. ಬೇಸ್ ಗಿಟಾರ್ ಇಲ್ಲದಿದ್ದರೆ ಕೀಬೋರ್ಡ್‌ನವರ ಎಡಗೈಗೆ ಕೊಡಿ. ಅರೇಂಜರ್ ಕೀಬೋರ್ಡ್ ಇದ್ದರೆ ಸ್ಟೈಲ್‌ಗಳಲ್ಲಿ ಸ್ವಿಂಗ್, ಜಾಝ್ ಅಂತ ಒಂದು ವಿಭಾಗ ಇರುತ್ತದೆ. ಪ್ರಾಕ್ಟೀಸಿಗೆ ಅದನ್ನು ಹಾಕಿಕೊಳ್ಳಿ, ಕಾರ್ಯಕ್ರಮದ ದಿನ ಕೈಯಲ್ಲೇ ನುಡಿಸಲಿ.

ಇನ್ನೊಂದು ಮಾತು. ಆದಿತಾಳ ಹಾಕಿ ಬೆಳೆದ ಕೈ ಮೊದಲನೇ ಏಟಿಗೇ ಚಪ್ಪಾಳೆ ಹೊಡೆಯುತ್ತದೆ. ಇದರಲ್ಲಿ ಚಪ್ಪಾಳೆ ಎರಡು ಮತ್ತು ನಾಲ್ಕಕ್ಕೆ. ಸಭೆಯವರು ಒಂದು–ಮೂರಕ್ಕೆ ಶುರು ಮಾಡಿದರೆ ಇಡೀ ತಂಡವನ್ನು ಎಳೆದುಬಿಡುತ್ತಾರೆ. ತಂಡದಲ್ಲಿ ಖಾಲಿ ನಿಂತಿರುವ ಯಾರಾದರೂ ಮುಂದೆ ಬಂದು ಸರಿಯಾದ ಜಾಗದಲ್ಲಿ ಚಪ್ಪಾಳೆ ಹಾಕಿ ತೋರಿಸಲಿ.

ಶ್ರುತಿಯ ಬಗ್ಗೆ ಹೆದರಬೇಡಿ. ನಿಮ್ಮ ಜೋಡಿಗೆ ಇದು ಇನ್ನೂ ಅನುಕೂಲ. ಹೆಣ್ಣುಮಕ್ಕಳು ಸಾಮಾನ್ಯವಾಗಿ ಐದು–ಆರು ಮನೆಯಲ್ಲಿ (ಹಾರ್ಮೋನಿಯಂನ ಐದನೇ, ಆರನೇ ಬಿಳಿ ಕೀಯನ್ನು ಸಾ ಮಾಡಿಕೊಂಡು) ಹಾಡುತ್ತಾರೆ, ಗಂಡಸರು ಒಂದು–ಎರಡು ಮನೆಯಲ್ಲಿ. ನಿಮ್ಮ ದನಿ ದಪ್ಪ ಅಂತೀರಿ. ನಿಮ್ಮ ತಗ್ಗಿನ ಸ್ವರಗಳೂ ಅವನ ಏರು ಸ್ವರಗಳೂ ಒಂದೇ ಜಾಗದಲ್ಲಿ ಸೇರುತ್ತವೆ. ಕೀಬೋರ್ಡಿನ ನಡು ಸಾ ಸುತ್ತಮುತ್ತ. ಅಲ್ಲಿ ಹಾಡನ್ನು ನಿಲ್ಲಿಸಿ. ನಿಮಗೆ ಅದು ತಗ್ಗು, ಹಾಗಾಗಿ ಹಸ್ಕ್‌ನ ಸುಸ್ತು ತಾನಾಗೇ ಬರುತ್ತದೆ. ಅವನಿಗೆ ಅದು ಏರು, ಏಂಜಲ್‌ನ ಚಡಪಡಿಕೆ ತಾನಾಗೇ ಬರುತ್ತದೆ. ಟ್ರಾನ್ಸ್‌ಪೋಸ್ ಗುಂಡಿ ಒತ್ತುತ್ತಾ ಒಂದೊಂದೇ ಮನೆ ಇಳಿಸಿ, ನಿಮ್ಮ ಅತಿ ಕೆಳಗಿನ ಸ್ವರ ಗಂಟಲಿನಲ್ಲಿ ಕರಗದೆ ಕೇಳಿಸುವ ಕಡೆ ನಿಲ್ಲಿಸಿ.


ಸಂಪಿಗೆಮರ, ಚಿಕ್ಕಮಗಳೂರು

ನಾನೊಬ್ಬಳು ಶಿಕ್ಷಕಿ, ಎರಡು ಮಕ್ಕಳ ತಾಯಿ. ನಿಮ್ಮ ಮೈದುನನ ವಿಷಯ ಓದಿ ಮನಸ್ಸಿಗೆ ಹತ್ತಿರವಾಯಿತು. ಆದರೂ ಎರಡು ಮಾತು ಹೇಳಲೇಬೇಕು.

ಕಲಾಮಂದಿರದ ಕಾರ್ಯಕ್ರಮಕ್ಕೆ ಮಕ್ಕಳು ಬರುತ್ತಾರೆ. ಕಾರ್ಟೂನ್ ಹಾಡು ಅಂದ ತಕ್ಷಣ ಮನೆಗೆ ಹೋಗಿ ಹುಡುಕುತ್ತಾರೆ. ಆ ಕಂತಿನಲ್ಲಿರುವ ದೌರ್ಜನ್ಯ ದೊಡ್ಡವರಿಗೇ ನೋಡಲು ಕಷ್ಟ. ನಾನು ನೋಡಿದ್ದೇನೆ, ‘ಪಾಯ್ಸನ್’ ಹಾಡಿನ ಮಧ್ಯೆ ನಿಲ್ಲಿಸಿ ಎದ್ದು ಹೋಗಿದ್ದೆ. ಹಾಡಿನಲ್ಲಿ ಕೆಟ್ಟ ಮಾತುಗಳೂ ಇವೆ.

ಇನ್ನೊಂದು, ಸೋತು ಕುಗ್ಗಿದವರಿಗೆ ‘ನೀನು ಸೋತವನು’ ಅಂತ ಹೇಳುವುದು ನನಗೆ ಭಯ ಹುಟ್ಟಿಸುತ್ತದೆ. ಪರೀಕ್ಷೆ ಫಲಿತಾಂಶದ ದಿನ ಮಕ್ಕಳ ಮುಖ ನೋಡುವವಳು ನಾನು. ಆ ಹೊತ್ತಿನಲ್ಲಿ ಒಂದು ಮಾತು ಜಾಸ್ತಿ ಆದರೂ ಏನಾಗುತ್ತದೋ ಅನ್ನುವ ಹೆದರಿಕೆ. ಹಾಡು ಕೇಳಿ ಯಾರೋ ಒಬ್ಬ ಅಪ್ಪ ಮನೆಗೆ ಹೋಗಿ ಮಗನಿಗೆ ಇದೇ ಮಾತು ಹೇಳಿದರೆ?


ಗಿರಿಕಂಠ, ಚಿಕ್ಕಮಗಳೂರು

ಪ್ಯಾಡ್‌ಪ್ಲೇಯರ್ ಸರ್, ತುಂಬಾ ಉಪಕಾರ ಆಯಿತು. ‘ಕಿ’ ನುಂಗುವ ಅಭ್ಯಾಸ ಇವತ್ತೇ ಶುರು ಮಾಡುತ್ತೇವೆ.

ಸಂಪಿಗೆಮರ ಅಕ್ಕ, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಮಕ್ಕಳ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಸರಣಿ ದೊಡ್ಡವರಿಗೆ ಮಾತ್ರ ಅಂತ ಹಾಡಿಗೆ ಮುಂಚೆ ಸ್ಪಷ್ಟವಾಗಿ ಹೇಳುತ್ತೇವೆ. ಕೆಟ್ಟ ಮಾತು ಇರುವ ಕಡೆ ಬಾಯಿ ಮುಚ್ಚಿ ಆ ಏಟನ್ನು ಕೀಬೋರ್ಡಿನ ಟ್ರಂಪೆಟ್ ಸದ್ದಿಗೆ ಬಿಟ್ಟುಕೊಡುತ್ತೇವೆ. ಅದಕ್ಕೆ ಬೇರೆ ಪದ ತುರುಕಿದರೆ ಲಯ ಕೆಡುತ್ತದೆ.

ಎರಡನೇ ಮಾತಿಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಹಸ್ಕ್ ಆ ಮಾತು ಹೇಳುವ ಮುಂಚೆ ಏನು ಮಾಡುತ್ತಾನೆ ನೋಡಿ. ತಾನೂ ಒಂದು ಕಾಲದಲ್ಲಿ ನರಕದ ದೊರೆಗಳಲ್ಲಿ ಒಬ್ಬನಾಗಿದ್ದೆ, ಆತ್ಮಗಳನ್ನೇ ಪಣಕ್ಕಿಟ್ಟು ಜೂಜಾಡಿದೆ, ಕೊನೆಗೆ ತನ್ನ ಆತ್ಮವೂ ಇನ್ನೊಬ್ಬನ ಪಾಲಾಯಿತು ಅಂತ ಬಾಯಿ ಬಿಟ್ಟು ಹೇಳುತ್ತಾನೆ. ಆ ಇನ್ನೊಬ್ಬ ಅಲಾಸ್ಟರ್, ಅದೇ ಹೋಟೆಲಿನಲ್ಲಿ ಇವನ ಕಣ್ಣೆದುರೇ ಓಡಾಡಿಕೊಂಡಿದ್ದಾನೆ. ಅಷ್ಟನ್ನು ಹೇಳಿಕೊಂಡ ಮೇಲೆಯೇ ಏಂಜಲ್‌ಗೆ ಆ ಮಾತು ಹೇಳುವ ಹಕ್ಕು ಅವನಿಗೆ ಬರುವುದು. ಗೆದ್ದು ಮೇಲೆ ಕೂತವನು ಇದೇ ಮಾತು ಹೇಳಿದರೆ ಕಪಾಳಕ್ಕೆ ಹೊಡೆದ ಹಾಗೆ. ಅದಕ್ಕೇ ನೀವು ಹೇಳಿದ ಅಪ್ಪ ಈ ಹಾಡನ್ನು ಮಗನಿಗೆ ಹೇಳಲಾರ, ತನ್ನ ಸೋಲನ್ನು ಮೊದಲು ಮಗನ ಮುಂದೆ ಇಡದ ಹೊರತು.

ಹಾಡಿನೊಳಗೂ ನೋಡಿ. ಮೊದಲು ಹಸ್ಕ್ ಒಬ್ಬನೇ ಹಾಡುತ್ತಾನೆ. ಏಂಜಲ್‌ಗೆ ರೇಗುತ್ತದೆ, ಇದೇನು ಸಮಾಧಾನ ಹೇಳುವ ರೀತಿಯಾ ಅನ್ನುವ ಹಾಗೆ ಮಧ್ಯೆ ಬಾಯಿ ಹಾಕುತ್ತಾನೆ. ಹಸ್ಕ್ ನಿಲ್ಲಿಸುವುದಿಲ್ಲ. ತನಗೆ ಗೊತ್ತಿರುವ ಇಸ್ಪೀಟಿನ ಭಾಷೆಯಲ್ಲೇ ಹೇಳುತ್ತಾನೆ: ಕೈಗೆ ಬಿದ್ದ ಎಲೆ ಇಟ್ಟುಕೊಂಡೇ ಆಡು, ನೀನು ನೀನಾಗಿರು. ಆಮೇಲೆ ಅದೇ ಮಟ್ಟನ್ನು ಏಂಜಲ್ ತಾನೇ ಎತ್ತಿಕೊಳ್ಳುತ್ತಾನೆ, ತನ್ನ ಬಗ್ಗೆ ತಾನೇ ಇನ್ನೂ ಎರಡು ಬೈಗುಳ ಸೇರಿಸಿ, ನಗುತ್ತಾ. ಕೊನೆಗೆ ಇಬ್ಬರೂ ಒಟ್ಟಿಗೆ. ನಟನೆ ಮಾಡಿ ಮಾಡಿ ಬೇಸತ್ತವನು ಅದನ್ನು ಕಳಚಿಟ್ಟು ಹಾಡುವುದು ಅಲ್ಲಿ ಮಾತ್ರ.

ಹಾಡು ಮುಗಿದಾಗ ಏಂಜಲ್‌ನ ಕರಾರು ಹರಿದಿರುವುದಿಲ್ಲ. ವ್ಯಾಲೆಂಟಿನೋ ಹಾಗೇ ಇದ್ದಾನೆ. ಹಸ್ಕ್‌ನ ಆತ್ಮವೂ ವಾಪಸ್ ಬಂದಿಲ್ಲ. ಎಲ್ಲ ಸರಿಹೋಗುತ್ತದೆ ಅಂತ ಈ ಹಾಡು ಎಲ್ಲೂ ಮಾತು ಕೊಡುವುದಿಲ್ಲ. ಜೊತೆಗೆ ಒಬ್ಬನಿದ್ದಾನೆ ಅಂತ ಮಾತ್ರ ಹೇಳುತ್ತದೆ. ನನ್ನ ಮೈದುನನಿಗೆ ಬೇಕಾಗಿದ್ದದ್ದು ಅದೇ ಇರಬೇಕು. ನಾನು ಅವನಿಗೆ ನನ್ನ ಕಥೆ ಹೇಳಿದೆ. ಮದುವೆಗೆ ಮುಂಚೆ ಸಿ.ಎ. ಓದಬೇಕು ಅಂತ ಹೊರಟು ಅರ್ಧಕ್ಕೇ ಕೈಬಿಟ್ಟವಳು ನಾನು. ಮನೆಯಲ್ಲಿ ಯಾರ ಮುಂದೆಯೂ ಅದನ್ನು ಹೀಗೆ ಬಿಚ್ಚಿ ಹೇಳಿರಲಿಲ್ಲ.


ಮೂರನೇಬೆಂಚು, ಹಾಸನ

ಅಕ್ಕಾ, ಸೂಪರ್ ಹಾಡು ಆರಿಸಿದ್ದೀರಿ. ನಾವು ಹಾಸ್ಟೆಲಿನಲ್ಲಿ ಮೊದಲ ನಾಲ್ಕು ಕಂತನ್ನು ಒಂದೇ ರಾತ್ರಿ ನೋಡಿದವರು. ಪ್ರೈಮ್ ವಿಡಿಯೋದವರು ಅವನ್ನು ಬಿಡುಗಡೆ ಮಾಡಿದ್ದೂ ಒಟ್ಟಿಗೇ. 2025ರಲ್ಲಿ ಎರಡನೇ ಸೀಸನ್ ಬಂದಾಗಲೂ ಕೂತು ನೋಡಿದೆವು. ಆದರೂ ಈಗಲೂ ರೂಮಿನಲ್ಲಿ ಯಾರಾದರೂ ಬಕೆಟ್ ಬಡಿದುಕೊಂಡು ಹಾಡುವುದು ಇದನ್ನೇ.

ನನ್ನದೊಂದು ಸಲಹೆ. ಹಸ್ಕ್ ಪಾತ್ರಕ್ಕೆ ದನಿ ಕೊಟ್ಟ ಕೀತ್ ಡೇವಿಡ್ ಅವರನ್ನು ಅನುಕರಿಸಲು ಹೋಗಬೇಡಿ. ಅವರದು ಆಳದ ದನಿ, ನಾಟಕದಲ್ಲಿ ಪಳಗಿದ್ದು. 1992ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಸಂಗೀತ ನಾಟಕವೊಂದರ ಪಾತ್ರಕ್ಕೆ ಅಲ್ಲಿನ ರಂಗಭೂಮಿಯ ಟೋನಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡವರು. 2009ರ ಡಿಸ್ನಿ ಚಿತ್ರ ‘ದಿ ಪ್ರಿನ್ಸೆಸ್ ಆಂಡ್ ದ ಫ್ರಾಗ್’ನಲ್ಲಿ ಮಾಟಗಾರನ ದನಿಯೂ ಅವರದೇ. ಅಷ್ಟು ದೊಡ್ಡ ದನಿ ಇದ್ದೂ ಈ ಹಾಡನ್ನು ಎಷ್ಟು ಸಲೀಸಾಗಿ, ಬಾರ್ ಕೌಂಟರಿಗೆ ಒರಗಿ ಮಾತಾಡುವ ಹಾಗೆ ಹಾಡಿದ್ದಾರೆ ನೋಡಿ. ಎಲ್ಲೂ ದನಿ ತೋರಿಸಲು ಹೋಗಿಲ್ಲ. ಕಲಿಯುವುದಾದರೆ ಅದನ್ನು ಕಲಿಯಬೇಕು ಅನಿಸುತ್ತದೆ.

ಏಂಜಲ್ ದನಿ ಬ್ಲೇಕ್ ರೋಮನ್ ಅವರದು. ಅವರೂ ಬ್ರಾಡ್‌ವೇಯಲ್ಲಿ ಹಾಡಿದವರೇ. ನಿಮ್ಮ ಮೈದುನನಿಗೆ ಹೇಳಿ, ‘ಪಾಯ್ಸನ್’ ಮತ್ತು ಇದನ್ನು ಒಂದರ ಹಿಂದೆ ಒಂದು ಕೇಳಲಿ. ಒಬ್ಬರೇ ಹಾಡಿದ್ದು, ಎರಡರಲ್ಲೂ ಉಸಿರು ಬೇರೆ. ಅಲ್ಲಿ ಎಲ್ಲ ನುಣುಪು, ಪಾಪ್ ಹಾಡಿನ ಹೊಳಪು, ಕೇಳಿದರೆ ಕುಣಿಯಬೇಕು ಅನಿಸುತ್ತದೆ, ಮಾತು ಮಾತ್ರ ಹೊಟ್ಟೆ ತೊಳಸುವಂಥದ್ದು. ಇಲ್ಲಿ ದನಿ ಸ್ವಲ್ಪ ಒರಟು, ನಗು ತಡೆಯಲಾಗದೆ ಸಾಲು ಅಲುಗಾಡುತ್ತದೆ. ಒಂದು ಹಾಡು ಕ್ಯಾಮೆರಾ ಮುಂದಿನ ಏಂಜಲ್, ಇನ್ನೊಂದು ಕ್ಯಾಮೆರಾ ಇಲ್ಲದ ಏಂಜಲ್. ಹಾಗಾಗಿ ಅವನು ನುಣುಪಾಗಿ ಹಾಡುವುದು ಬೇಡ.

‘ಪಾಯ್ಸನ್’ ಇಲ್ಲದೆ ನಿಲ್ಲುತ್ತದಾ ಅಂದರೆ, ನಿಲ್ಲುತ್ತದೆ, ಆದರೆ ಕುಂಟುತ್ತದೆ. ಅದನ್ನು ಹಾಡಬೇಡಿ, ಸಂಪಿಗೆಮರ ಮೇಡಂ ಹೇಳಿದ ಕಾರಣಕ್ಕೇ. ಮುಂಚೆ ಏನಾದರೂ ನೋವು ಕಾಣಿಸಲೇಬೇಕು.


ಹಾರ್ಮೋನಿಯಂ ಮೇಷ್ಟ್ರು, ಹಾಸನ

ಎಲ್ಲರಿಗೂ ವಂದನೆ. ನಾನು ಸುತ್ತಮುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವವನು. ಕುರುಕ್ಷೇತ್ರ ಅಂದರೆ ನಮ್ಮ ಜಿಲ್ಲೆಯವರಿಗೆ ಹಬ್ಬ. ಹಾಸನಾಂಬ ಕಲಾಕ್ಷೇತ್ರದಲ್ಲೂ ಆಡಿಸುತ್ತೇವೆ, ಊರಿನ ಬಯಲಲ್ಲೂ ಆಡಿಸುತ್ತೇವೆ. ಈ ಸರಣಿಯ ಹೆಸರನ್ನೂ ಕೇಳಿರಲಿಲ್ಲ. ನಿಮ್ಮ ಮಾತುಕತೆ ಓದಿದ ಮೇಲೆ ಮೊಮ್ಮಗಳ ಹತ್ತಿರ ಹಾಕಿಸಿಕೊಂಡು ಹಾಡಷ್ಟನ್ನೇ ಕೇಳಿದೆ, ಮತ್ತೆ ಮತ್ತೆ ಕೇಳಿದೆ. ಚೆನ್ನಾಗಿದೆ. ಮಾತು ಪೂರ್ತಿ ತಿಳಿಯದಿದ್ದರೂ ಒಬ್ಬ ಇನ್ನೊಬ್ಬನನ್ನು ಎಬ್ಬಿಸುತ್ತಿದ್ದಾನೆ ಅಂತ ತಿಳಿಯುತ್ತದೆ.

ಗಿರಿಕಂಠ ತಾಯಿ, ನೀವು ಕೇಳಿದ ಎರಡನೇ ಪ್ರಶ್ನೆಗೆ ನಮ್ಮ ನಾಟಕದಲ್ಲಿ ಉತ್ತರ ಇದೆ. ನಮ್ಮಲ್ಲಿ ಪಾತ್ರಧಾರಿ ಬಂದ ತಕ್ಷಣ ಹಾಡಿಬಿಡುವುದಿಲ್ಲ. ಎದುರು ಪಾತ್ರದ ಜೊತೆ ಮಾತು ನಡೆಯುತ್ತದೆ. ಮಾತಿನಲ್ಲಿ ಕಾವು ಏರುತ್ತದೆ. ಇನ್ನು ಮಾತು ಸಾಲದು ಅನ್ನುವ ಕಡೆ ನಾನು ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಸ್ವರ ಹಿಡಿಯುತ್ತೇನೆ, ಅವನು ಹಾಡಿಗೆ ಇಳಿಯುತ್ತಾನೆ. ಹೊಸಬರು ಮಾತನ್ನು ಬೇಗ ಮುಗಿಸಿ ಹಾಡಿಗೆ ಓಡುತ್ತಾರೆ, ಚಪ್ಪಾಳೆ ಅಲ್ಲಿದೆ ಅಂತ. ಅಂಥವರ ಹಾಡು ಎಷ್ಟೇ ಚೆನ್ನಾಗಿದ್ದರೂ ಜನರ ಎದೆಗೆ ಇಳಿಯುವುದಿಲ್ಲ. ಕರ್ಣ ತನ್ನ ಹುಟ್ಟಿನ ಅವಮಾನವನ್ನು ಮಾತಿನಲ್ಲಿ ಹೇಳದೆ ಬರೀ ಹಾಡಿದರೆ ಯಾರಿಗೆ ಏನು ಅರ್ಥವಾದೀತು?

ಹಾಗಾಗಿ ನಿರೂಪಕರ ಕೈಗೆ ಕಥೆ ಕೊಡಬೇಡಿ. ಅವರು ಸರಣಿಯ ಹೆಸರು, ಎಷ್ಟು ಕಂತು, ಎಲ್ಲಿ ಬಂತು ಅಂತ ಓದುತ್ತಾರೆ, ಅಷ್ಟರಲ್ಲಿ ಜನ ಪಕ್ಕದವರ ಜೊತೆ ಮಾತಿಗೆ ಕೂರುತ್ತಾರೆ. ನೀವಿಬ್ಬರೇ ಕನ್ನಡದಲ್ಲಿ ಎರಡು ನಿಮಿಷ ಆಡಿ. ಒಂದು ಮೇಜು, ಎರಡು ಲೋಟ, ಒಂದು ಸ್ಟೂಲು ಸಾಕು. ನಿಮ್ಮ ಮೈದುನ ಬಂದು ಕೂರಲಿ. ತನ್ನನ್ನು ಒಬ್ಬ ಕೊಂಡುಕೊಂಡಿದ್ದಾನೆ, ಹಾಳಾಗಿ ಹೋದರಾದರೂ ಬಿಟ್ಟಾನು ಅಂದುಕೊಂಡಿದ್ದೆ ಅನ್ನಲಿ. ಅಷ್ಟೇ ಸಾಕು, ಆ ದುಷ್ಟ ಏನೇನು ಮಾಡಿದ ಅಂತ ಬಿಡಿಸಿ ಹೇಳುವುದು ಬೇಡ. ಮಕ್ಕಳ ಬಗ್ಗೆ ಶಿಕ್ಷಕಿಯವರು ಹೇಳಿದ ಚಿಂತೆಯೂ ಅಲ್ಲಿಗೆ ಕಡಿಮೆಯಾಗುತ್ತದೆ. ಆಮೇಲೆ ನೀವು ಲೋಟ ಒರೆಸುತ್ತಾ ನಿಮ್ಮ ಕಥೆ ಹೇಳಿ. ಜೂಜು, ದೊರೆತನ, ಸೋಲು, ಎಲ್ಲ. ಅವನ ಮುಖ ನೋಡಬೇಡಿ, ಲೋಟವನ್ನೇ ನೋಡುತ್ತಾ ಹೇಳಿ. ತನ್ನ ಸೋಲು ಹೇಳಿಕೊಳ್ಳುವವನು ಎದುರಿನವನ ಕಣ್ಣು ನೋಡುವುದಿಲ್ಲ. ಕಥೆಯ ಕೊನೆಯ ವಾಕ್ಯ ಮುಗಿದ ಮೇಲೆ ತಲೆ ಎತ್ತಿ ಅವನನ್ನು ನೋಡಿ. ಹಾಡಿನ ಮೊದಲ ಸಾಲು ಆಗ.

ಆ ಪ್ಯಾಡಿನ ತಮ್ಮ ಹೇಳಿದ ಬೇಸ್ ಇದೆಯಲ್ಲ, ಅದು ನಿಮ್ಮ ಮಾತಿನ ಕೆಳಗೇ ಮೆಲ್ಲಗೆ ಶುರುವಾಗಿರಲಿ. ನೀವು ಅರ್ಧ ಕಥೆಯಲ್ಲಿರುವಾಗ ಬೇಸ್, ಮುಕ್ಕಾಲಿಗೆ ಬಂದಾಗ ಸಿಂಬಲ್. ನಾನಾಗಿದ್ದರೆ ಪೆಟ್ಟಿಗೆಯಲ್ಲಿ ಅದನ್ನೇ ಮಾಡುತ್ತಿದ್ದೆ. ಆಗ ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಅಂತ ಜನರಿಗೆ ಗೊತ್ತಾಗದು.

ಇನ್ನೊಂದು ಸಣ್ಣ ವಿಷಯ. ಅತ್ತಿಗೆ–ಮೈದುನ ಅಂತ ಊರಿಗೆಲ್ಲ ಗೊತ್ತಿರುತ್ತದೆ. ಪಾತ್ರದ ಮಾತಿನ ಮಧ್ಯೆ ಹುಡುಗ ಅಭ್ಯಾಸಬಲದಿಂದ ‘ಅತ್ತಿಗೆ’ ಅಂದುಬಿಟ್ಟರೆ ಸಭೆ ನಕ್ಕುಬಿಡುತ್ತದೆ, ಕಟ್ಟಿದ್ದೆಲ್ಲ ಬಿದ್ದುಹೋಗುತ್ತದೆ. ಪ್ರಾಕ್ಟೀಸಿನಲ್ಲೇ ಏಕವಚನದಲ್ಲಿ ಕರೆಯುವುದನ್ನು ರೂಢಿ ಮಾಡಿಸಿ. ಅವನಿಗೆ ಸಂಕೋಚ ಆಗುತ್ತದೆ. ಆಗಲಿ, ನಾಲ್ಕು ದಿನದಲ್ಲಿ ಹೋಗುತ್ತದೆ.


ಸಂಪಿಗೆಮರ, ಚಿಕ್ಕಮಗಳೂರು

ಮೇಷ್ಟ್ರೇ, ನೀವು ಬರೆದದ್ದು ಓದಿದ ಮೇಲೆ ನನ್ನ ಅರ್ಧ ಆತಂಕ ಹೋಯಿತು. ಹಸ್ಕ್ ತನ್ನ ಸೋಲನ್ನು ಮೊದಲು ಹೇಳುವುದು ವೇದಿಕೆಯ ಮೇಲೆ ಜನರಿಗೆ ಕಾಣಿಸುವುದಾದರೆ ನನ್ನದೇನೂ ಅಡ್ಡಿಯಿಲ್ಲ. ಗಿರಿಕಂಠ ಅವರೇ, ಆ ಭಾಗವನ್ನು ಮಾತ್ರ ಸಮಯ ಇಲ್ಲ ಅಂತ ಕತ್ತರಿಸಬೇಡಿ. ಕಾರ್ಯಕ್ರಮ ತಡವಾದಾಗ ಸಂಘಟಕರು ಮೊದಲು ಕೈ ಹಾಕುವುದು ಇಂಥದ್ದಕ್ಕೇ. ಬೇಕಾದರೆ ನಿಮ್ಮ ಇನ್ನೊಂದು ಹಾಡನ್ನು ಬಿಟ್ಟುಕೊಡಿ.


ಗಿರಿಕಂಠ, ಚಿಕ್ಕಮಗಳೂರು

ಎಲ್ಲರ ಮಾತನ್ನೂ ಮೈದುನನಿಗೆ ಓದಿ ಹೇಳಿದೆ. ನಿನ್ನೆ ಮನೆಯಲ್ಲೇ ಮೇಷ್ಟ್ರು ಹೇಳಿದ ಹಾಗೆ ಆಡಿ ನೋಡಿದೆವು. ಕಾಫಿ ಲೋಟ ಒರೆಸುತ್ತಾ ಕಥೆ ಹೇಳಿದೆ. ಮುಖ ನೋಡದೆ ಹೇಳುವುದು ಎಷ್ಟು ಬೇರೆ! ದನಿ ತಾನಾಗಿ ತಗ್ಗುತ್ತದೆ, ಮಾತು ನಿಧಾನವಾಗುತ್ತದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಗೆ ಇಂಗ್ಲಿಷ್ ಬಾರದು. ಹಾಡು ಮುಗಿದ ಮೇಲೆ ಮಗನ ಪಕ್ಕ ಬಂದು ಕೂತು, ತಾವು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಉಳಿಸಿಕೊಂಡು ಮತ್ತೆ ಕಟ್ಟಲೇ ಇಲ್ಲ ಅನ್ನುವುದನ್ನು ಹೇಳಿದರು. ನಮಗ್ಯಾರಿಗೂ ಗೊತ್ತಿರಲಿಲ್ಲ. ಮೈದುನ ‘ಅಮ್ಮಾ, ನೀವೂನಾ?’ ಅಂದ.

ಶ್ರುತಿಯನ್ನು ಎರಡು ಮನೆ ಇಳಿಸಿದ ಮೇಲೆ ನನಗೆ ಸರಿಯಾಯಿತು. ಅವನಿಗೆ ಏರು ಜಾಗದಲ್ಲಿ ಗಂಟಲು ಸ್ವಲ್ಪ ಒಡೆಯುತ್ತದೆ. ಮೂರನೇಬೆಂಚು ತಮ್ಮ ಹೇಳಿದ ಒರಟು ಅದೇ ಅಲ್ವಾ ಅಂತ ಹಾಗೇ ಬಿಟ್ಟಿದ್ದೇವೆ. ತಂಡದ ಹಿರಿಯರೂ ಒಪ್ಪಿದ್ದಾರೆ. ಮಾತಿನ ಭಾಗ ಕತ್ತರಿಸುವುದಿಲ್ಲ ಅಂತ ಮಾತು ತೆಗೆದುಕೊಂಡಿದ್ದೇನೆ, ಸಂಪಿಗೆಮರ ಅಕ್ಕ. ನೀವೂ ಬರಬೇಕು.

ಒಂದೇ ಒಂದು ಉಳಿದಿದೆ. ನಮ್ಮ ಪ್ಯಾಡ್ ಹು­ಡುಗನಿಗೆ ಕಿಕ್ ಬಿಡಲು ಆಗುತ್ತಲೇ ಇಲ್ಲ. ಕೊನೆಗೆ ಇಬ್ಬರೂ ಒಟ್ಟಿಗೆ ಹಾಡುವ ಕಡೆ ಮತ್ತೆ ಗುದ್ದಲು ಶುರು ಮಾಡುತ್ತಾನೆ, ವೇಗವೂ ಏರುತ್ತದೆ. ಹೇಗೆ ತಡೆಯುವುದು ಸರ್?


ಪ್ಯಾಡ್‌ಪ್ಲೇಯರ್, ಹಾಸನ

ಪ್ಯಾಡಿನಿಂದ ಕಿಕ್ ಪೆಡಲನ್ನೇ ಬಿಚ್ಚಿ ಪಕ್ಕಕ್ಕಿಡಿ ಮೇಡಂ. ಇಲ್ಲದಿದ್ದರೆ ಹೊಡೆಯುವುದೇ ಇಲ್ಲ. ವೇಗಕ್ಕೆ, ಫೋನಿನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿ. ನಾಲ್ಕೂ ಏಟಿಗೆ ಬೇಡ, ಎರಡು ಮತ್ತು ನಾಲ್ಕಕ್ಕೆ ಮಾತ್ರ ಟಿಕ್ ಬರುವ ಹಾಗೆ ಅರ್ಧ ವೇಗಕ್ಕೆ ಇಟ್ಟು, ಅದನ್ನೇ ಹೈಹ್ಯಾಟ್ ಅಂದುಕೊಂಡು ನುಡಿಸಲಿ. ಮೊದಲು ತಬ್ಬಿಬ್ಬಾಗುತ್ತಾನೆ, ಆಮೇಲೆ ಕೈ ಕೂರುತ್ತದೆ. ಬರುವ ಭಾನುವಾರ ನನಗೆ ಯಾವ ಕಾರ್ಯಕ್ರಮವೂ ಇಲ್ಲ. ಬೇಲೂರು ಮೇಲೆ ಬೆಳಗಿನ ಬಸ್ಸು ಹಿಡಿದು ಬರುತ್ತೇನೆ, ನಿಜವಾದ ರೈಡ್ ಸಿಂಬಲ್ ಒಂದಿದೆ, ಅದನ್ನೂ ತರುತ್ತೇನೆ. ಪ್ರಾಕ್ಟೀಸ್ ಎಲ್ಲಿ, ಎಷ್ಟು ಗಂಟೆಗೆ ಅಂತ ಮೆಸೇಜ್ ಮಾಡಿ. ಮೇಷ್ಟ್ರೇ, ನೀವೂ ಹಾಸನದವರೇ ಅಲ್ವಾ, ಜೊತೆಗೆ ಹೋಗೋಣವಾ?